ಮೂವತ್ತೆರಡು ಎಣಿಸಿ, ಆಮೇಲೆ ಕುಣಿಯಿರಿ

ಎಲೆಕ್ಟ್ರಾನಿಕ್ ಸಂಗೀತದ ಲೈವ್ ಕಾರ್ಯಕ್ರಮಕ್ಕೆ ಮೊದಲ ಸಲ ಬಂದವರು ಅರ್ಧ ಗಂಟೆಯೊಳಗೆ ಕೇಳುವ ಪ್ರಶ್ನೆ ಒಂದೇ: ‘ಹಾಡು ಯಾವಾಗ ಶುರುವಾಗೋದು?’ ಅಷ್ಟರಲ್ಲಿ ಹಾಡು ಶುರುವಾಗಿ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಪಲ್ಲವಿಯಿಲ್ಲ, ಚರಣವಿಲ್ಲ, ಹಾಡುವವರೇ ಇಲ್ಲ. ವೇದಿಕೆಯ ಮೇಲೆ ಒಬ್ಬರೋ ಇಬ್ಬರೋ ತಲೆ ತಗ್ಗಿಸಿ ಗುಂಡಿ ತಿರುಗಿಸುತ್ತ ನಿಂತಿದ್ದಾರೆ. ದುಮ್ ದುಮ್ ದುಮ್ ದುಮ್ ಎಂದು ಬಿಡದೆ ಬೀಳುವ ಏಟು. ಸುತ್ತಲಿನವರು ಮಾತ್ರ ಕಣ್ಣು ಮುಚ್ಚಿ ಕುಣಿಯುತ್ತಿದ್ದಾರೆ. ಇವರಿಗೆಲ್ಲ ಏನೋ ಕೇಳಿಸುತ್ತಿದೆ, ನನಗೊಬ್ಬನಿಗೇ ಕೇಳಿಸುತ್ತಿಲ್ಲವೇನೋ ಎಂಬ ಅನುಮಾನ ಹೊಸಬರಿಗೆ ಬಂದೇ ಬರುತ್ತದೆ.

ಅನುಮಾನ ಸರಿಯಾದದ್ದೇ. ಈ ಸಂಗೀತವನ್ನು ಕಾಲಿನಿಂದ ಕೇಳಬೇಕು. ಕುರ್ಚಿಯಲ್ಲಿ ಕೂತರೆ ಆಕಳಿಕೆ ತರಿಸುವ ಹತ್ತು ನಿಮಿಷ, ನಿಂತು ಕಾಲು ಕದಲಿಸಿದ ಮೇಲೆ ಸಾಲದೆನಿಸುತ್ತದೆ. ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಪೆಟ್ಟಿಗೆ ಪೇರಿಸಿ ಹಚ್ಚುವ ‘ಡಿಜೆ’ ನಮಗೆಲ್ಲ ಗೊತ್ತು. ಅಲ್ಲಿ ಪರಿಚಯದ ಹಾಡು ಬಂದ ಕೂಡಲೇ ಕುಣಿತ ಏರುತ್ತದೆ. ಇಲ್ಲಿ ಹಾಗಲ್ಲ. ಮುಂದೇನು ಬರುತ್ತದೆಂದು ಯಾರಿಗೂ ಗೊತ್ತಿಲ್ಲ, ಆದರೆ ಯಾವಾಗ ಬರುತ್ತದೆಂದು ಎಲ್ಲರ ಮೈಗೂ ಗೊತ್ತು. ರೋಮಾಂಚನ ಇರುವುದೇ ಆ ಕಾಯುವಿಕೆಯಲ್ಲಿ. ಅದಕ್ಕೆ ಸ್ವಲ್ಪ ತಯಾರಿ ಬೇಕು.

ಪೋಸ್ಟರ್ ಓದುವ ಕ್ರಮ

ಕಲಾವಿದರ ಹೆಸರಿನ ಪಕ್ಕದಲ್ಲಿ ‘ಲೈವ್’ ಎಂದಿದೆಯೋ ‘ಡಿಜೆ ಸೆಟ್’ ಎಂದಿದೆಯೋ ಮೊದಲು ನೋಡಿ. ಡಿಜೆ ಎಂದರೆ ಈಗಾಗಲೇ ಧ್ವನಿಮುದ್ರಣವಾದ ಟ್ರ್ಯಾಕ್‌ಗಳನ್ನು ಒಂದರೊಳಗೊಂದು ಬೆಸೆಯುವವರು. ಅದು ಸಣ್ಣ ಕಸುಬೇನಲ್ಲ. ಲೈವ್ ಎಂದರೆ ಡ್ರಮ್ ಮಷೀನು, ಸಿಂತಸೈಜರ್, ಸ್ಯಾಂಪ್ಲರ್, ಕೆಲವೊಮ್ಮೆ ಏಬಲ್‌ಟನ್ ಲೈವ್ ಎಂಬ ತಂತ್ರಾಂಶ ತುಂಬಿದ ಲ್ಯಾಪ್‌ಟಾಪು ಇಟ್ಟುಕೊಂಡು ಸಂಗೀತವನ್ನು ಅಲ್ಲಿಯೇ ಕಟ್ಟುವುದು. ಕಿಕ್ ಡ್ರಮ್ಮಿನ, ಅಂದರೆ ಆ ದುಮ್ ದುಮ್ಮಿನ, ಏಟನ್ನು ಇನ್ನೂ ಸ್ವಲ್ಪ ತಡೆಹಿಡಿಯಬೇಕೋ ಈಗಲೇ ಬಿಡಬೇಕೋ ಎಂಬುದನ್ನು ಒಳ್ಳೆಯ ಲೈವ್ ಕಲಾವಿದರು ಎದುರಿಗಿರುವವರ ಭುಜ, ಮೊಣಕಾಲು ನೋಡಿ ತೀರ್ಮಾನಿಸುತ್ತಾರೆ. ನೀವು ಕುಣಿದರೆ ಸಂಗೀತವೇ ಬದಲಾಗುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ. ‘ಲೈವ್’ ಎಂಬ ಚೀಟಿ ಅಂಟಿಸಿಕೊಂಡು ಮನೆಯಲ್ಲೇ ಮಾಡಿಟ್ಟದ್ದನ್ನು ಓಡಿಸುವವರೂ ಇದ್ದಾರೆ. ಪತ್ತೆ ಸುಲಭ: ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುವುದೇ ಹೆಚ್ಚಾದರೆ, ಗುಂಡಿ ತಿರುಗಿಸುತ್ತಿರುವವರು ಯಾರು ಎಂದು ಕೇಳಿಕೊಳ್ಳಿ.

ಆಮೇಲೆ ವೇಗ. ನಿಮಿಷಕ್ಕೆ ಎಷ್ಟು ಬೀಟ್ ಎಂಬುದನ್ನು ಬಿಪಿಎಂ ಎನ್ನುತ್ತಾರೆ. ಹೌಸ್ ಸಂಗೀತ 120ರಿಂದ 130ರ ನಡುವೆ ನಡೆಯುತ್ತದೆ. ಮೊದಲ ಸಲಕ್ಕೆ ಇದೇ ಹಿತ. ಟೆಕ್ನೊ ಇದಕ್ಕಿಂತ ಚುರುಕು, ಒರಟು. ಟ್ರಾನ್ಸ್ 130ರಿಂದ 140. ಗೋವಾದ ಕಡಲತೀರದಲ್ಲಿ ಬೆಳೆದು ನಮ್ಮ ಗೋಕರ್ಣದವರೆಗೂ ಇಳಿದು ಬಂದ ಸೈಟ್ರಾನ್ಸ್ 140 ದಾಟುತ್ತದೆ. ಡ್ರಮ್ ಅಂಡ್ ಬೇಸ್ 170ಕ್ಕೂ ಮೇಲೆ. ಸಂಖ್ಯೆ ಕೇಳಿ ಹೆದರಬೇಡಿ. 174ರ ಬೀಟಿಗೆ ಕಾಲನ್ನು ಎರಡಕ್ಕೊಂದರಂತೆ ಹಾಕಿದರೆ ನಿಮ್ಮ ಹೆಜ್ಜೆ 87ಕ್ಕಿಳಿಯುತ್ತದೆ, ಅದು ಸರಾಗ ನಡಿಗೆಗಿಂತಲೂ ನಿಧಾನ.

ಹೋಗುವುದೆಲ್ಲಿಗೆ? 2007ರಲ್ಲಿ ಗೋವಾದ ಕ್ಯಾಂಡೋಲಿಮ್‌ನಲ್ಲಿ ಆರಂಭವಾದ ಸನ್‌ಬರ್ನ್ ಬಗೆಯ ಉತ್ಸವಗಳು ಜಾತ್ರೆಗಳೇ: ಬೆಂಕಿ, ಕಾಗದದ ಚೂರು, ದೈತ್ಯ ಪರದೆ. ರಾಜಸ್ಥಾನದ ಶೇಖಾವತಿಯ ಅಲ್ಸಿಸರ್ ಅರಮನೆಯಲ್ಲಿ 2013ರಲ್ಲಿ ಶುರುವಾದ ಮ್ಯಾಗ್ನೆಟಿಕ್ ಫೀಲ್ಡ್ಸ್, ಬೆಂಗಳೂರಿನಲ್ಲಿ 2016ರಲ್ಲಿ ಆರಂಭಗೊಂಡು ಗುಜರಿ ಸಾಮಾನಿನಿಂದ ವೇದಿಕೆ ಕಟ್ಟುವ ಎಕೋಸ್ ಆಫ್ ಅರ್ತ್, ಇವು ಕೇಳುವವರ ಕಡೆಗೆ ಹೆಚ್ಚು ವಾಲಿದ ಉತ್ಸವಗಳು. ನನ್ನ ಒಲವು ಈ ಎರಡು ಬಗೆಯ ಉತ್ಸವಗಳ ಕಡೆಗೂ ಅಲ್ಲ, ಇನ್ನೂರು ಜನ ಹಿಡಿಸುವ ಕತ್ತಲೆ ಕೋಣೆಯ ಕಡೆಗೆ. ಅಲ್ಲಿ ಟಿಕೆಟ್ ಅಗ್ಗ, ಪಾರ್ಕಿಂಗ್ ರಗಳೆ ಕಡಿಮೆ, ಕಲಾವಿದರ ಬೆರಳು ಕಾಣಿಸುತ್ತದೆ. ಬೆಂಗಳೂರಿನ ಸಲ್ಕ್ ಸ್ಟೇಷನ್ ಜೋಡಿ, ಮುಂಬೈಯ ಸ್ಯಾಂಡ್‌ಯೂನ್ಸ್, ದೆಹಲಿಯ ಮಿಡಿವಲ್ ಪಂಡಿಟ್ಜ್ ಮುಂತಾದವರ ಸಂಗೀತವನ್ನು ಮನೆಯಲ್ಲೊಮ್ಮೆ ಕೇಳಿ ನೋಡಿದರೆ ನಿಮ್ಮ ರುಚಿ ಯಾವ ಕಡೆಗೆಂದು ತಿಳಿಯುತ್ತದೆ. ಇವರಲ್ಲಿ ಕೆಲವರ ಸಂಗೀತ ಕುಣಿಸುವುದಕ್ಕಿಂತ ತೂಗಿಸುವುದೇ ಹೆಚ್ಚು.

ಎಣಿಕೆ

ಇದೊಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು. ಈ ಸಂಗೀತದ ಬಹುಪಾಲು ನಾಲ್ಕರ ಲೆಕ್ಕದಲ್ಲಿ ನಡೆಯುತ್ತದೆ. ನಾಲ್ಕು ಬೀಟು ಸೇರಿ ಒಂದು ಬಾರ್, ಎಂಟು ಬಾರ್ ಸೇರಿ ಒಂದು ಸುತ್ತು, ಒಟ್ಟು 32. ಹೊಸ ವಾದ್ಯ ಒಳಗೆ ಬರುವುದು, ಹಳೆಯದು ಮಾಯವಾಗುವುದು, ಏಟು ನಿಲ್ಲುವುದು, ಮತ್ತೆ ಬೀಳುವುದು ಎಲ್ಲವೂ ಸಾಮಾನ್ಯವಾಗಿ ಈ ಸುತ್ತಿನ ಅಂಚಿನಲ್ಲೇ. ಸಂಗೀತ ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕಿ ರೂಢಿಯಿದ್ದವರಿಗೆ ಇದು ಹೊಸದೇ ಅಲ್ಲ: ಆದಿತಾಳದ ನಾಲ್ಕು ಆವರ್ತ, ಅಷ್ಟೆ. 128 ಬಿಪಿಎಂ ವೇಗದಲ್ಲಿ 32 ಬೀಟು ಮುಗಿಯಲು ಸರಿಯಾಗಿ 15 ಸೆಕೆಂಡು ಬೇಕು.

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಂದು ಹೌಸ್ ಟ್ರ್ಯಾಕಿಗೆ ಎಣಿಸಿ ನೋಡಿ. ಎಂಟರ ನಾಲ್ಕು ಗುಂಪು ಮಾಡಿದರೆ ಲೆಕ್ಕ ತಪ್ಪುವುದಿಲ್ಲ. ಹೆಚ್ಚಾಗಿ ನಾಲ್ಕನೆಯ ಗುಂಪಿನ ಕೊನೆಗೆ ಸಣ್ಣದೊಂದು ಉರುಳಿಕೆ ಕೇಳಿಸುತ್ತದೆ, ಮುಂದಿನ ಒಂದಕ್ಕೆ ಏನೋ ಬದಲಾಗುತ್ತದೆ. ಕೆಲವು ಸುತ್ತುಗಳ ನಂತರ ಎಣಿಸುವ ಅಗತ್ಯವೇ ಬೀಳುವುದಿಲ್ಲ, ಮೈಯೇ ಎಣಿಸಿಕೊಳ್ಳುತ್ತದೆ.

ಲೈವ್‌ನಲ್ಲಿ ಕಲಾವಿದರು ಆಟವಾಡುವುದು ಈ ಎಣಿಕೆಯ ಜೊತೆಗೇ. ಕಿಕ್ ತೆಗೆದುಬಿಡುತ್ತಾರೆ, ಕಾಲಿಗೆ ಆಧಾರವಿಲ್ಲ. ಸಿಂತ್‌ನ ಸ್ವರ ಮೇಲೇರುತ್ತ ಹೋಗುತ್ತದೆ, ಸ್ನೇರ್ ಏಟು ಇಮ್ಮಡಿಸುತ್ತದೆ, ಮತ್ತೆ ಇಮ್ಮಡಿಸುತ್ತದೆ. ಇದು ಬಿಲ್ಡ್‌ಅಪ್. ಮೂವತ್ತೆರಡಕ್ಕೆ ಏಟು ಮರಳಬೇಕು. ಮರಳುವುದಿಲ್ಲ. ಅರ್ಧ ಕ್ಷಣ ಪೂರ್ತಿ ಮೌನ. ನೂರಾರು ಜನ ಒಂದು ಕಾಲು ಎತ್ತಿ ನಿಂತಿರುವಾಗ ಬೇಸ್ ಬೀಳುತ್ತದೆ. ಅದೇ ಡ್ರಾಪ್. ಫೋನಿನಲ್ಲಿ ಇದನ್ನು ಹುಡುಕಿ ಹತ್ತು ಸೆಕೆಂಡಿನ ತುಣುಕಾಗಿ ನೋಡಿದವರು ‘ಇದರಲ್ಲೇನಿದೆ’ ಎನ್ನುವುದು ಸಹಜ. ಹಿಂದಿನ ಆರು ನಿಮಿಷ ಇಲ್ಲದೆ ಅದರಲ್ಲಿ ನಿಜಕ್ಕೂ ಏನೂ ಇಲ್ಲ.

ಹಾಗಂತ ಡ್ರಾಪಿಗಾಗಿಯೇ ಕಾಯುವ ಸಂಗೀತ ನನಗೆ ಬೇಗ ಸಾಕೆನಿಸುತ್ತದೆ. ಮಿನಿಮಲ್ ಟೆಕ್ನೊದಲ್ಲಿ ಅಂಥ ದೊಡ್ಡ ಬೀಳಿಕೆಯೇ ಇರುವುದಿಲ್ಲ; ಎರಡು ಬೀಟಿನ ನಡುವೆ ಬರುವ ಹೈ-ಹ್ಯಾಟಿನ ‘ಛಿಸ್’ ಒಂದಿಷ್ಟು ಅತ್ತಿತ್ತ ಸರಿದರೂ ಇಡೀ ಕೋಣೆಯ ಓಲಾಟ ಬೇರೆಯಾಗುತ್ತದೆ. ಮಾರಿಯಾ ವಿಟೆಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಹಲವು ಬಗೆಯ ಡ್ರಮ್ ನುಡಿಸಾಣಿಕೆ ಕೇಳಿಸಿ, ಯಾವುದಕ್ಕೆ ಮೈ ಆಡಿಸಬೇಕೆನಿಸಿತು ಎಂದು ಕೇಳಿದ್ದರು. ತೀರಾ ನೇರವಾದ ಲಯಕ್ಕೂ ಅಲ್ಲ, ತೀರಾ ತೊಡಕಿನದಕ್ಕೂ ಅಲ್ಲ. ಏಟು ಅಲ್ಲಲ್ಲಿ ತಪ್ಪಿಸಿಕೊಂಡು ಬೀಳುವ ನಡುಹದದ ಲಯಕ್ಕೇ ಹೆಚ್ಚಿನ ಮತ ಬಿತ್ತು. ಏಟು ಬೀಳದ ಜಾಗವನ್ನು ಮೈ ತುಂಬಬೇಕಾಗುತ್ತದೆ.

ಕಾಲು, ಸೊಂಟ, ಕೈ

‘ನನಗೆ ಕುಣಿಯೋಕೆ ಬರಲ್ಲ’ ಎನ್ನುವವರಿಗೆ: ಇಲ್ಲಿ ಬರಬೇಕಾದ್ದು ಏನೂ ಇಲ್ಲ. ಮೊಣಕಾಲು ಸಡಿಲ ಬಿಡಿ. ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸಿ. ಕಿಕ್ ಡ್ರಮ್ಮನ್ನು ಕಾಲಿಗೆ ಕೊಡಿ, ಬೇಸ್ ಲೈನನ್ನು ಸೊಂಟಕ್ಕೆ, ನಡುವಿನ ಹೈ-ಹ್ಯಾಟನ್ನು ಭುಜಕ್ಕೆ. ಮೂರನ್ನೂ ಒಟ್ಟಿಗೆ ಮಾಡಬೇಕಿಲ್ಲ, ಒಂದೊಂದು ಸುತ್ತಿಗೆ ಒಂದೊಂದನ್ನು ಹಿಡಿಯಿರಿ. ಅದರಿಂದ ಕಿವಿಯೂ ಪಳಗುತ್ತದೆ. ಮೊದಲ ಒಂದು ಗಂಟೆ ಎಗರಬೇಡಿ. ಎಗರುವವರು ಬೇಗ ಸುಸ್ತಾಗಿ, ಸೆಟ್‌ನ ಒಳ್ಳೆಯ ಭಾಗ ಬರುವಷ್ಟರಲ್ಲಿ ಗೋಡೆಗೊರಗಿರುತ್ತಾರೆ. ಸಿಮೆಂಟ್ ನೆಲದ ಮೇಲೆ ಹಳೆಯ ಮೊಣಕಾಲಿಗೆ ಎಗರಾಟ ಒಳ್ಳೆಯದೂ ಅಲ್ಲ.

ಯಾರಾದರೂ ನೋಡುತ್ತಾರೆಂಬ ಸಂಕೋಚಕ್ಕೆ ಚರಿತ್ರೆಯೇ ಉತ್ತರ ಕೊಡುತ್ತದೆ. ಹೌಸ್ ಸಂಗೀತ ಮೊಳೆತದ್ದು 1977ರಲ್ಲಿ ಷಿಕಾಗೋದಲ್ಲಿ ತೆರೆದ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ. ಅಲ್ಲಿ ಫ್ರಾಂಕಿ ನಕಲ್ಸ್ ಡಿಜೆ. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪುಜನ, ಲ್ಯಾಟಿನೊಗಳು, ಸಲಿಂಗಿಗಳು. ಬೇರೆಡೆ ಬಾಗಿಲಲ್ಲೇ ತಡೆಯಲ್ಪಡುತ್ತಿದ್ದವರು. ಡೆಟ್ರಾಯಿಟ್ ಹತ್ತಿರದ ಬೆಲ್‌ವಿಲ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಒಟ್ಟಿಗೆ ಓದಿದ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಹುಡುಗರಿಂದ ಟೆಕ್ನೊ ಬೆಳೆಯಿತು. ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಅಳೆಯದೆ ಕುಣಿಯುವ ನಡವಳಿಕೆ ಅಲ್ಲಿಂದ ಬಂದದ್ದು. ಬರ್ಲಿನ್ನಿನ ಹಲವು ಕ್ಲಬ್ಬುಗಳಲ್ಲಿ ಇಂದಿಗೂ ಒಳಗೆ ಬಿಡುವ ಮೊದಲು ಫೋನಿನ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸುತ್ತಾರೆ. ನಮ್ಮಲ್ಲಿ ಆ ಪದ್ಧತಿ ಅಪರೂಪ. ನೀವಾಗಿಯೇ ಫೋನನ್ನು ಜೇಬಿನಲ್ಲಿಟ್ಟುಕೊಂಡರೆ ಹಿಂದಿನವರಿಗೂ ಉಪಕಾರ.

ಇದು ಪರದೇಶದ ಸರಕು ಎಂದು ಮೂಗು ಮುರಿಯುವ ಹಿರಿಯರಿಗೆ ಒಂದು ಕಥೆ ಹೇಳಿ. ಬೊಂಬಾಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಯಂತ್ರಗಳನ್ನಿಟ್ಟುಕೊಂಡು ಭೈರವ, ಲಲಿತ, ಮಾಲ್ಕೌಂಸ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂರಿಸಿ ಒಂದು ಎಲ್‌ಪಿ ಮಾಡಿದರು. ಆಗ ಯಾರೂ ಕೊಳ್ಳಲಿಲ್ಲ. ಅದೇ 303 ಯಂತ್ರದ ಕಿರಿಕಿರಿ ನಾದದಿಂದ ಷಿಕಾಗೋದಲ್ಲಿ ‘ಆ್ಯಸಿಡ್ ಹೌಸ್’ ಹುಟ್ಟಿ ಹೆಸರಾದದ್ದು 1987ರಲ್ಲಿ. 2010ರಲ್ಲಿ ಅವರ ಎಲ್‌ಪಿ ಮರುಬಿಡುಗಡೆಯಾದಾಗ ಯುರೋಪಿನವರು ಬೆಚ್ಚಿಬಿದ್ದರು. ಎಪ್ಪತ್ತು ದಾಟಿದ ಚರಣ್‌ಜಿತ್ ಅಲ್ಲಿ ಹೋಗಿ ಲೈವ್ ನುಡಿಸಿ, ಹರೆಯದವರನ್ನು ಕುಣಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಎಲ್ಲಿ ನಿಲ್ಲಬೇಕು

ವೇದಿಕೆಗೆ ಅಂಟಿಕೊಂಡಲ್ಲ, ಸ್ಪೀಕರ್ ಪಕ್ಕದಲ್ಲಂತೂ ಅಲ್ಲವೇ ಅಲ್ಲ. ಜನರ ನಡುವೆ ಸೌಂಡ್ ಎಂಜಿನಿಯರ್ ಕೂರುವ ಕಟ್ಟೆಯೊಂದಿರುತ್ತದೆ. ಆತ ಸದ್ದನ್ನು ಹದಗೊಳಿಸುವುದು ತಾನು ಕೂತಲ್ಲಿಗೆ ಹೇಗೆ ಕೇಳಿಸುತ್ತದೋ ಹಾಗೆ. ಆ ಕಟ್ಟೆಯ ಸ್ವಲ್ಪ ಮುಂದೆ, ವೇದಿಕೆಯ ನಟ್ಟನಡುವಿನ ಗೆರೆಯಲ್ಲಿ ನಿಂತರೆ ಅತ್ಯುತ್ತಮ ಸದ್ದು ಪುಕ್ಕಟೆ. ಎರಡು ಬದಿಯ ಸಬ್‌ವೂಫರ್‌ಗಳ ಅಲೆಗಳು ಆ ನಡುಗೆರೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುವುದರಿಂದ ಬೇಸ್ ಅಲ್ಲಿ ದಟ್ಟವಾಗಿರುತ್ತದೆ. ಎರಡು ಹೆಜ್ಜೆ ಬದಿಗೆ ಸರಿದರೆ ತೆಳುವಾಗುವುದೂ ಉಂಟು. ಒಮ್ಮೆ ಅತ್ತಿತ್ತ ಓಡಾಡಿ ಪರೀಕ್ಷಿಸಿ, ಆಮೇಲೆ ಬೇರೂರಿ.

ಡೊಳ್ಳು ಕುಣಿತವನ್ನು ಹತ್ತಿರ ನಿಂತು ನೋಡಿದವರಿಗೆ ಎದೆಗೂಡು ಅದುರುವ ಅನುಭವ ಗೊತ್ತು. ಸಬ್‌ವೂಫರ್ ಮಾಡುವುದೂ ಅದನ್ನೇ, ಗಂಟೆಗಟ್ಟಲೆ. ಆ ಅದುರಿಗೂ ಕುಣಿತಕ್ಕೂ ಇರುವ ನಂಟನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ನಿಜವಾದ ಎಲೆಕ್ಟ್ರಾನಿಕ್ ಕಛೇರಿಯಲ್ಲೇ ಪರೀಕ್ಷಿಸಿದರು. ಆರ್ಫೆಕ್ಸ್ ಎಂಬ ಜೋಡಿ ನುಡಿಸುತ್ತಿದ್ದಾಗ, ಕಿವಿಗೆ ಕೇಳಿಸದಷ್ಟು ತಗ್ಗಿನ ಕಂಪನ ಹೊರಡಿಸುವ ಸ್ಪೀಕರ್‌ಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಗುಟ್ಟಾಗಿ ಹಚ್ಚಿದರು, ಆರಿಸಿದರು. ಪ್ರೇಕ್ಷಕರ ತಲೆಗೆ ಕಟ್ಟಿದ ಪಟ್ಟಿಗಳು ಅವರ ಚಲನೆಯನ್ನು ಅಳೆಯುತ್ತಿದ್ದವು. ಆ ಸ್ಪೀಕರ್‌ಗಳು ನಡೆಯುತ್ತಿದ್ದಾಗ ಜನ ಸರಾಸರಿ ಶೇ 11.8ರಷ್ಟು ಹೆಚ್ಚು ಕುಣಿದರು. ಸ್ಪೀಕರ್ ಯಾವಾಗ ನಡೆಯುತ್ತಿತ್ತೆಂದು ಗೊತ್ತಾಗದೆಯೇ. 2022ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮನೆಯ ಬ್ಲೂಟೂತ್ ಡಬ್ಬಿಯಲ್ಲಿ ಇದೇ ಸಂಗೀತ ಯಾಕೆ ಸಪ್ಪೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಕಿವಿ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಸುತ್ತಲಿನ ಸದ್ದು 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ ಸಹಿಸಬಹುದು ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕ. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಮೂರು ಗಂಟೆ ಅಲ್ಲಿ ನಿಂತರೆ ಹನ್ನೆರಡು ದಿನದ ಪಾಲನ್ನು ಒಂದೇ ರಾತ್ರಿ ಖರ್ಚು ಮಾಡಿದಂತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗೆ ಹಾಕಿಕೊಟ್ಟ ಮಿತಿಯೂ 15 ನಿಮಿಷದ ಸರಾಸರಿ 100 ಡೆಸಿಬೆಲ್. ಜೊತೆಗೆ ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಜಾಗ ಇರಬೇಕೆಂದೂ ಅದು ಹೇಳುತ್ತದೆ.

ಪರಿಹಾರ ಇಯರ್‌ಪ್ಲಗ್. ಔಷಧಿ ಅಂಗಡಿಯ ಸ್ಪಂಜಿನ ಪ್ಲಗ್ ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಮೇಲಿನ ಸ್ವರಗಳನ್ನು ಹೆಚ್ಚಾಗಿ ನುಂಗಿ ಸಂಗೀತವನ್ನು ಕಂಬಳಿ ಹೊದಿಸಿದಂತೆ ಮಾಡುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಹದಿನೈದು ಡೆಸಿಬೆಲ್ ತಗ್ಗಿದರೂ 100 ಎಂಬುದು 85ಕ್ಕಿಳಿಯಿತು. ಬೇಸ್ ಎದೆಯಿಂದ ಬರುತ್ತಲೇ ಇರುವುದರಿಂದ ಕುಣಿತಕ್ಕೆ ನಷ್ಟವೇನಿಲ್ಲ. ಟಿಕೆಟ್ಟಿಗೆ ಸಾವಿರಗಟ್ಟಲೆ ಕೊಟ್ಟು ಪ್ಲಗ್‌ಗೆ ಚೌಕಾಸಿ ಮಾಡುವ ನಮ್ಮವರ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ.

ಮೂರ್ಛೆರೋಗ ಇರುವವರು ಸ್ಟ್ರೋಬ್ ದೀಪದ ವಿಷಯ ಮೊದಲೇ ವಿಚಾರಿಸಿ: ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಕೆಲವರಲ್ಲಿ ಸೆಳವು ತರಬಲ್ಲದು. ಉಬ್ಬಸದವರು ಹೊಗೆ ಯಂತ್ರದಿಂದ ದೂರವಿರಿ, ಇನ್‌ಹೇಲರ್ ಜೇಬಿನಲ್ಲಿರಲಿ.

ಗುಂಪಿನೊಳಗೆ

ಆಕ್ಸ್‌ಫರ್ಡ್‌ನ ಬ್ರಾನ್‌ವಿನ್ ಟಾರ್ ಮತ್ತು ಸಂಗಡಿಗರು ಕಂಡುಕೊಂಡಂತೆ, ಒಂದೇ ಲಯಕ್ಕೆ ಒಟ್ಟಾಗಿ ಕುಣಿದವರಿಗೆ ಪಕ್ಕದ ಅಪರಿಚಿತರೂ ಹತ್ತಿರದವರೆನಿಸುತ್ತಾರೆ, ನೋವು ತಡೆಯುವ ಶಕ್ತಿಯೂ ಹೆಚ್ಚುತ್ತದೆ. ಆನಂದದ ಅರ್ಧ ಗುಟ್ಟು ಇಲ್ಲಿದೆ. ಅಪಾಯವೂ ಇಲ್ಲೇ ಇದೆ: ಹಿಮ್ಮಡಿ ಕಿತ್ತುಬಂದದ್ದು, ಬಾಯಿ ಒಣಗಿದ್ದು ಆಗ ಗೊತ್ತಾಗುವುದಿಲ್ಲ. ಹಾಗಾಗಿ ಪಳಗಿದ ಶೂ ಹಾಕಿ, ಹೊಸದನ್ನಲ್ಲ. ಬಾಯಾರದಿದ್ದರೂ ಆಗಾಗ ನೀರು ಕುಡಿಯಿರಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನಂಶ ಕುಸಿಯುತ್ತದೆ, ಅದೂ ಅಪಾಯವೇ. ಉಪ್ಪು ಹಾಕಿದ ನಿಂಬೆ ಷರಬತ್ತು ಅಥವಾ ಓಆರ್‌ಎಸ್ ಒಳ್ಳೆಯದು. ಮಾದಕ ವಸ್ತುಗಳು ಇಂಥ ಕಡೆ ಸುಳಿದಾಡುತ್ತವೆ ಎಂಬುದು ಗುಟ್ಟಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ಸೆಖೆಯಲ್ಲಿ ಗಂಟೆಗಟ್ಟಲೆ ಕುಣಿಯುವ ಮೈಯ ಕಾವನ್ನು ಅವು ಇನ್ನೂ ಏರಿಸಿ ಪ್ರಾಣಕ್ಕೇ ಕುತ್ತು ತರುತ್ತವೆ. ಯಾರಾದರೂ ಕುಸಿದರೆ ನಾಚಿಕೆ, ಹೆದರಿಕೆ ಬಿಟ್ಟು ವೈದ್ಯಕೀಯ ಡೇರೆಗೆ ಒಯ್ಯಿರಿ, ಏನು ತೆಗೆದುಕೊಂಡಿದ್ದರೆಂದು ನಿಜ ಹೇಳಿ.

ಕುಣಿಯಲು ಜಾಗ ಕೇಳಿ ಪಡೆಯಬಹುದು, ಮೈ ಮುಟ್ಟಲು ಕತ್ತಲೆ ಪರವಾನಗಿಯಲ್ಲ. ಹೆಣ್ಣುಮಕ್ಕಳು ಬದಿಗೆ ಸರಿದು ಸಹಿಸಿಕೊಳ್ಳುವ ಬದಲು ಹತ್ತಿರದ ಬೌನ್ಸರ್‌ಗೆ ಕೂಡಲೇ ಹೇಳಬೇಕು. ಆಯೋಜಕರು ಅಸಡ್ಡೆ ತೋರಿದರೆ 112 ಇದೆ. ಪಕ್ಕದಲ್ಲಿ ಇಂಥದ್ದು ಕಂಡ ಗಂಡಸರು ‘ನಮಗ್ಯಾಕೆ’ ಎನ್ನದೆ ನಡುವೆ ಬಂದು ಕುಣಿಯತೊಡಗಿದರೂ ಸಾಕು.

ಒಳಗೆ ಹೋದ ಕೂಡಲೇ ಹೊರಗೆ ಹೋಗುವ ದಾರಿಗಳನ್ನು ನೋಡಿಟ್ಟುಕೊಳ್ಳಿ. 2010ರ ಜುಲೈ 24ರಂದು ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ನಡೆದ ಲವ್ ಪರೇಡ್ ಎಂಬ ಟೆಕ್ನೊ ಉತ್ಸವದಲ್ಲಿ ಒಳಬರುವವರೂ ಹೊರಹೋಗುವವರೂ ಒಂದೇ ಸುರಂಗದ ದಾರಿಯಲ್ಲಿ ಸಿಕ್ಕಿ 21 ಮಂದಿ ಸತ್ತರು. ಸತ್ತದ್ದು ಕುಣಿಯುವಾಗಲ್ಲ, ದಾರಿಯಲ್ಲಿ. 2025ರ ಜೂನ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಜನ ಸತ್ತದ್ದನ್ನು ನಾವು ಮರೆತಿಲ್ಲ. ಕೈ ಎತ್ತಲು ಜಾಗವಿಲ್ಲದಷ್ಟು ಜನ ಸೇರಿದ್ದಾರೆನಿಸಿದರೆ ಅದು ಹೊರಡುವ ಹೊತ್ತು. ಸಿಕ್ಕಿಕೊಂಡರೆ ಎರಡೂ ಮುಂಗೈಯನ್ನು ಎದೆಯ ಮುಂದೆ ಮಡಚಿಟ್ಟು ಉಸಿರಿಗೆ ಜಾಗ ಮಾಡಿಕೊಳ್ಳಿ, ನೂಕಿಗೆ ಎದುರು ನೂಕದೆ ಅಲೆ ತಗ್ಗಿದಾಗ ಓರೆಯಾಗಿ ಅಂಚಿಗೆ ಸರಿಯಿರಿ, ಬಿದ್ದ ಫೋನಿಗೆ ಬಗ್ಗಬೇಡಿ.

ಹೊತ್ತು, ದಾರಿ, ಮರುದಿನ

ಯುರೋಪಿನಲ್ಲಿ ಬೆಳಗಿನವರೆಗೆ ಕುಣಿಯುತ್ತಾರೆಂದು ಕೇಳಿ ಇಲ್ಲಿಯೂ ತಡವಾಗಿ ಹೋಗುವವರು ಮೋಸ ಹೋಗುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ವರ್ಷದಲ್ಲಿ ಗರಿಷ್ಠ 15 ದಿನ ಮಾತ್ರ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಸಬಹುದು. ಆದ್ದರಿಂದ ನಮ್ಮ ಬಯಲು ಉತ್ಸವಗಳು ಮಧ್ಯಾಹ್ನವೇ ಶುರು, ಮುಖ್ಯ ಕಲಾವಿದರ ಕೊನೆಯ ಏಟು ಹತ್ತು ಗಂಟೆಗೆ. ಒಳಾಂಗಣದ ಕಥೆ ಬೇರೆ. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಆ ವರ್ಷ ಅನೇಕ ಪಬ್ಬುಗಳಲ್ಲಿ ಲೈವ್ ಸಂಗೀತವೇ ನಿಂತುಹೋಗಿತ್ತು. ಕಾರ್ಯಕ್ರಮ ನಿಜಕ್ಕೂ ನಡೆಯುತ್ತದೆಯೇ ಎಂದು ಅದೇ ದಿನ ಮಧ್ಯಾಹ್ನ ಇನ್ನೊಮ್ಮೆ ವಿಚಾರಿಸಿಕೊಳ್ಳುವುದು ಈ ಊರಿನಲ್ಲಿ ಒಳ್ಳೆಯ ಅಭ್ಯಾಸ. ಗುರುತಿನ ಚೀಟಿ ಒಯ್ಯಿರಿ. ಕೈಗೆ ಕಟ್ಟುವ ಪಟ್ಟಿಗೆ ಹಣ ತುಂಬಿಸುವ ಉತ್ಸವಗಳಲ್ಲಿ ಉಳಿದ ಹಣ ವಾಪಸು ಕೇಳಲು ಗಡುವಿರುತ್ತದೆ. ಅದನ್ನು ಯಾರೂ ಕೂಗಿ ಹೇಳುವುದಿಲ್ಲ.

ಹಿಂತಿರುಗುವ ವ್ಯವಸ್ಥೆ ಹೋಗುವ ಮುನ್ನವೇ ಆಗಿರಲಿ. ಹತ್ತು ಗಂಟೆಗೆ ಸಾವಿರಾರು ಜನ ಒಟ್ಟಿಗೆ ಆ್ಯಪ್ ತೆರೆದಾಗ ಕ್ಯಾಬ್ ದರ ಎಲ್ಲಿಗೆ ಏರುತ್ತದೆಂದು ಹೇಳಬೇಕಿಲ್ಲ. ಕೊನೆಯ ಮೆಟ್ರೊ ಎಷ್ಟಕ್ಕೆಂದು ನೋಡಿಟ್ಟುಕೊಳ್ಳಿ, ಇಲ್ಲವೇ ಅರ್ಧ ಗಂಟೆ ಅಲ್ಲೇ ಕೂತು ಏನಾದರೂ ತಿಂದು ಹೊರಡಿ. ಕುಡಿದಿದ್ದರೆ ಸ್ಟೀರಿಂಗ್ ಮುಟ್ಟಬೇಡಿ.

ಮಲಗುವ ಮುನ್ನ ಮೀನಖಂಡವನ್ನು ಗೋಡೆಗೊತ್ತಿ ಎಳೆಯಿರಿ, ಬೆಳಗ್ಗೆ ಮೆಟ್ಟಿಲಿಳಿಯಲು ಆಗುತ್ತದೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದಿದ್ದರೆ ಮರುದಿನವಿಡೀ ಹೆಡ್‌ಫೋನ್ ಮುಟ್ಟಬೇಡಿ, ಕಿವಿಗೆ ಬಿಡುವು ಕೊಡಿ. ಎರಡು ದಿನ ದಾಟಿದರೂ ಅದು ಹೋಗದಿದ್ದರೆ, ಅಥವಾ ಒಂದು ಕಿವಿ ಮಂದವಾಗಿದೆ ಎನಿಸಿದರೆ, ತಾನಾಗೇ ಸರಿಹೋದೀತೆಂದು ವಾರಗಟ್ಟಲೆ ಕಾಯದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಥಟ್ಟನೆ ಕುಗ್ಗಿದ ಕಿವಿಗೆ ಚಿಕಿತ್ಸೆ ಬೇಗ ಶುರುವಾದಷ್ಟೂ ಗುಣ ಕಾಣುವ ಸಾಧ್ಯತೆ ಹೆಚ್ಚು.